ಉಪ್ಪು ಹೋಯಿತು ಎಂದವರು

ಸರ್ ನಿವೃತ್ತರಾದರಂತೆ. ಅವರಿಗೊಂದು ಅಭಿನಂದನ ಗ್ರಂಥ ತರುತ್ತಾರಂತೆ. ಅದರಲ್ಲಿ ನನ್ನದೂ ಒಂದು ಲೇಖನ ಬೇಕಂತೆ. ಫೋನ್ ಮಾಡಿದವನು ಶ್ರೀಶೈಲ. ನಾನು ಸರ್ ಹತ್ತಿರ ಸಂಶೋಧನೆ ಮಾಡುವಾಗ ಅವನು ನನಗಿಂತ ಎರಡು ವರ್ಷ ಕಿರಿಯ. ಈಗ ಅದೇ ಕಾಲೇಜಿನಲ್ಲಿ ಮೇಷ್ಟ್ರು, ಗ್ರಂಥಕ್ಕೆ ಸಂಪಾದಕ.

"ಅಕ್ಕಾ, ನೀವು ಬರೀಲಿಕ್ಕೇ ಬೇಕು. ಸರ್ ನಾಲಿಗಿ ಬಗ್ಗೆ ಬರೀರಿ. ಅದನ್ನ ನಿಮ್ಮಷ್ಟು ಹತ್ತಿರದಿಂದ ನೋಡಿದವ್ರು ಮತ್ಯಾರದಾರ?" ಅಂದ.

ಹತ್ತಿರದಿಂದ ನೋಡಿದ್ದೇನೆ, ಸುಳ್ಳಲ್ಲ. ಒಂದು ಮೊಳ ದೂರದಿಂದ ನೋಡಿದ್ದೇನೆ. ಅವರ ಕಿರುಬೆರಳು ಬಾಯಿಂದ ಹೊರಗೆ ಬಂದು, ಎಂಜಲಿನಿಂದ ಪಳಪಳ ಹೊಳೆಯುತ್ತ, ನಾನು ಮೂರು ದಿನ ಜೋಪಾನ ಮಾಡಿದ ಬೀಕರಿಗೆ ಮತ್ತೆ ಇಳಿಯುವುದನ್ನು ನೋಡಿದ್ದೇನೆ. ಥೂ. ಅಭಿನಂದನೆಯ ಲೇಖನ ಹೀಗೆ ಶುರುವಾಗುವುದಿಲ್ಲ ಎಂದು ನನಗೆ ಗೊತ್ತು. ನನ್ನಿಂದ ಬೇರೆ ರೀತಿ ಶುರು ಮಾಡಲು ಆಗಲಿಲ್ಲ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ನಾಲಿಗೆ ಪುರಾಣ ಯಾರಿಗೂ ತಿಳಿಯುವುದಿಲ್ಲ. ಅಪಘಾತದಲ್ಲಿ ಮೂಳೆಯ ಒಂದು ತುಂಡೇ ಹೋಗಿಬಿಟ್ಟರೆ ಅಷ್ಟು ದೊಡ್ಡ ಸಂದನ್ನು ದೇಹ ತಾನಾಗಿ ತುಂಬಿಕೊಳ್ಳಲಾರದು. ಆ ಸಂದಿನಲ್ಲಿ ಒಂದು ಹಂದರ ಇಟ್ಟರೆ, ಅವರೆಬಳ್ಳಿ ಹಬ್ಬಿದ ಹಾಗೆ ಜೀವಕೋಶಗಳು ಅದರ ಮೇಲೆ ಹಬ್ಬುತ್ತವೆ. ಹಂದರ ಮಾಡುವುದು ಒಂದು ಬಗೆಯ ಪ್ಲಾಸ್ಟಿಕ್ಕಿನಿಂದ, ನಾವು ಪಾಲಿಮರ್ ಅನ್ನುತ್ತೇವೆ. ಅದು ಮೈಯೊಳಗೆ ತಿಂಗಳುಗಟ್ಟಲೆ ಇದ್ದು ಮೆಲ್ಲಗೆ ತಾನೇ ಕರಗಿ ಹೋಗುತ್ತದೆ. ಅಷ್ಟರೊಳಗೆ ಮೂಳೆ ಬೆಳೆದಿರಬೇಕು. ಕೋಶಗಳು ಒಳಗೆ ಹೋಗುವುದಕ್ಕೆ ಹಂದರದ ತುಂಬ ಸಣ್ಣ ಸಣ್ಣ ತೂತುಗಳಿರಬೇಕು, ಅವು ಒಂದಕ್ಕೊಂದು ಕೂಡಿರಬೇಕು.

ತೂತು ಮಾಡಲು ನಮ್ಮಲ್ಲಿದ್ದ ಉಪಾಯ ಉಪ್ಪು. ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸುವುದು. ಜರಡಿ ಹಿಡಿದು ಒಂದೇ ಗಾತ್ರಕ್ಕೆ ತಂದ ಉಪ್ಪಿನ ಹರಳನ್ನು ಅದರಲ್ಲಿ ಕಲಸಿ ಅಚ್ಚಿಗೆ ಸುರಿಯುವುದು. ಕ್ಲೋರೋಫಾರ್ಮ್ ಹಾರಿಹೋದ ಮೇಲೆ ಉಳಿದ ಗಟ್ಟಿ ಬಿಲ್ಲೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆ ಹಾಕುವುದು. ಉಪ್ಪು ಕರಗಿ ನೀರಿಗೆ ಹೋಗುತ್ತದೆ, ಉಪ್ಪಿದ್ದ ಜಾಗದಲ್ಲಿ ತೂತು ಉಳಿಯುತ್ತದೆ. ದಿನಕ್ಕೆ ಮೂರು ಸಲ ನೀರು ಬದಲಿಸಬೇಕು. ಉಪ್ಪು ಪೂರ್ತಿ ಹೋಗಬೇಕು. ಒಳಗೆ ಉಳಿದರೆ, ಆ ಹಂದರದ ಮೇಲೆ ಬಿಟ್ಟ ಕೋಶಗಳು ಒಣದ್ರಾಕ್ಷಿಯ ಹಾಗೆ ಮುರುಟಿ ಸಾಯುತ್ತವೆ.

ಉಪ್ಪು ಹೋಯಿತೋ ಇಲ್ಲವೋ ತಿಳಿಯುವುದು ಬಹಳ ಸುಲಭ. ನೆನೆಸಿದ ನೀರನ್ನು ಗಾಜಿನ ನಳಿಗೆಗೆ ಒಂದಿಷ್ಟು ತೆಗೆದುಕೊಂಡು ಸಿಲ್ವರ್ ನೈಟ್ರೇಟ್ ನಾಲ್ಕು ಹನಿ ಬಿಟ್ಟರೆ ಸಾಕು. ಉಪ್ಪಿದ್ದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ತಿಳಿಯಾಗಿಯೇ ಇರುತ್ತದೆ. ಸೇಡಂನ ನನ್ನ ಪಿಯುಸಿ ಮಕ್ಕಳಿಗೆ ವರ್ಷಾ ವರ್ಷ ಮಾಡಿ ತೋರಿಸುತ್ತೇನೆ. ಒಂದೇ ಎಚ್ಚರ, ಆ ಹನಿ ಕೈಗೆ ತಾಗಿದರೆ ಚರ್ಮ ಕಪ್ಪಾಗುತ್ತದೆ. ಎಷ್ಟು ತಿಕ್ಕಿದರೂ ಎಂಟು ಹತ್ತು ದಿನ ಹೋಗುವುದಿಲ್ಲ.

ಸರ್ ಈ ಶೀಶೆಯನ್ನು ಮುಟ್ಟುತ್ತಿರಲಿಲ್ಲ. ಅವರಿಗೆ ನಾಲಿಗೆ ಇತ್ತು.

ಮೂರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಪ್ರಯೋಗಾಲಯಕ್ಕೆ ಬರುತ್ತಿದ್ದರು. ಶಹಾಬಾದ್ ಮತ್ತು ವಾಡಿಯ ನಡುವೆ ರಸ್ತೆಯ ಪಕ್ಕಕ್ಕೇ ಇದ್ದ ಕಾಲೇಜು ನಮ್ಮದು. ಕಿಟಕಿ ತೆರೆದರೆ ಒಂದು ಕಡೆಯಿಂದ ಫರಸಿ ಕಲ್ಲಿನ ಪುಡಿ, ಇನ್ನೊಂದು ಕಡೆಯಿಂದ ಸಿಮೆಂಟಿನ ಪುಡಿ, ಹಾಗಾಗಿ ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತಿತ್ತು. ಸರ್ ಮೊದಲು ತಮ್ಮ ಸ್ಟೀಲ್ ಲೋಟದಿಂದ ಒಂದು ಗುಟುಕು ನೀರು ಕುಡಿದು, ಬಾಯಿ ಮುಕ್ಕಳಿಸಿ, ಸಿಂಕಿಗೆ ಉಗಿಯುತ್ತಿದ್ದರು. ಆಮೇಲೆ ಅಂಗಿಯ ತೋಳು ಏರಿಸಿ, ಕಿರುಬೆರಳನ್ನು ಮೊದಲನೆಯ ಬೀಕರಿಗೆ ಅದ್ದಿ, ಕಣ್ಣು ಮುಚ್ಚಿ ಚೀಪುತ್ತಿದ್ದರು. ಚಪ್ ಎಂದು ಸದ್ದು. ಒಂದು ಕ್ಷಣ ಎಲ್ಲರೂ ಉಸಿರು ಬಿಗಿ ಹಿಡಿದು ನಿಲ್ಲಬೇಕು. "ಹೋತು" ಎಂದರೆ ಉಪ್ಪು ಹೋಯಿತು. ಅದೇ ಬೆರಳು ಎರಡನೆಯ ಬೀಕರಿಗೆ. ಚಪ್. "ಹೋತು." ಮೂರನೆಯದಕ್ಕೆ. ಹನ್ನೆರಡು ಬೀಕರ್ ಮುಗಿಯುವ ಹೊತ್ತಿಗೆ ಆ ನೀರಿನಲ್ಲಿ ಉಪ್ಪು ಇತ್ತೋ ಇಲ್ಲವೋ, ಸರ್ ಊಟ ಮಾಡಿದ್ದಂತೂ ಇರುತ್ತಿತ್ತು. ಕೊನೆಗೆ ಬೆರಳು ಒರೆಸಲು ಕೈಗೆ ಸಿಕ್ಕ ಬಟ್ಟೆ. ಎಷ್ಟೋ ಸಲ ಅದು ನನ್ನ ಬಿಳಿ ಕೋಟಿನ ತೋಳು.

ಇದೇ ಮನುಷ್ಯ ಮನೆಯಲ್ಲಿ ಭಾರಿ ಮಡಿ. ಕಾಲೇಜಿನಲ್ಲೂ ಅವರ ಲೋಟಕ್ಕೆ ಬೇರೆ ಕಪಾಟು, ಕಪಾಟಿಗೆ ಬೀಗ. ಬೇರೆಯವರು ಮಾಡಿದ ಚಹಾ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ತಿಳಿಯದೆ ಆ ಲೋಟ ಎತ್ತಿ ಪಕ್ಕಕ್ಕೆ ಇಟ್ಟಿದ್ದಕ್ಕೆ ಮೂರು ಸಲ ಬೂದಿ ಹಚ್ಚಿ ತೊಳೆಸಿದರು. ನನ್ನ ಬೆರಳು ಲೋಟದ ಹೊರಗೆ ತಾಗಿದರೆ ಮೈಲಿಗೆ, ಅವರ ಎಂಜಲು ಬೆರಳು ಇನ್ನೊಬ್ಬರ ಮೂಳೆಯೊಳಗೆ ಹೋಗುವ ವಸ್ತುವಿಗೆ ತಾಗಿದರೆ ವಿಜ್ಞಾನ!

ಅಜ್ಜಿಯ ಕತೆ ಹೇಳದೆ ಅವರ ಭಾಷಣ ಮುಗಿಯುತ್ತಿರಲಿಲ್ಲ. ಅವರ ಮೂಲ ಊರು ಸನ್ನತಿಯ ಕಡೆ, ಭೀಮಾ ದಂಡೆಯ ಒಂದು ಹಳ್ಳಿ. ಅಜ್ಜಿ ನೈವೇದ್ಯದ ಅಡುಗೆ ಮಾಡುವಾಕೆ. ದೇವರಿಗೆ ತೋರಿಸುವ ಮೊದಲು ರುಚಿ ನೋಡುವಂತಿಲ್ಲ, ಆದರೂ ಒಂದು ದಿನವೂ ಉಪ್ಪು ತಪ್ಪಿರಲಿಲ್ಲವಂತೆ. "ನಮ್ಮಜ್ಜಿ ಬಾಯಿಗಿ ಹಾಕ್ಕೊಳ್ಳದೇ ಹೇಳ್ತಿದ್ದಳು. ನಾ ಬಾಯಿಗಿ ಹಾಕ್ಕೊಂಡು ಹೇಳ್ತೀನಿ. ಅಷ್ಟ ಫರಕು," ಎಂದು ಅತಿಥಿಗಳೆದುರು ನಗುತ್ತಿದ್ದರು. ಬಂದ ಅತಿಥಿಗಳೂ ಹಾಗೆಯೇ. ಯಾವುದೋ ಊರಿನ ದೊಡ್ಡ ವಿಜ್ಞಾನಿ, ಕೊರಳಲ್ಲಿ ಹಾರ, ಕೈಯಲ್ಲಿ ಏಲಕ್ಕಿ ಬಾಳೆಹಣ್ಣು. ಸರ್ ಬೆರಳು ಚೀಪಿ "ಹೋತು" ಅಂದ ಕೂಡಲೇ ಚಪ್ಪಾಳೆ ತಟ್ಟಿದರು. ಒಬ್ಬರಾದರೂ, ಸ್ವಾಮಿ, ಅದು ಎಂಜಲಾಗಲಿಲ್ಲವೇ ಎಂದು ಕೇಳಲಿಲ್ಲ. ನಾನೂ ಚಪ್ಪಾಳೆ ತಟ್ಟಿದವಳೇ.

ಒಳ್ಳೆಯದನ್ನೂ ಹೇಳಬೇಕು, ಇಲ್ಲದಿದ್ದರೆ ಹೊಟ್ಟೆಕಿಚ್ಚಿಗೆ ಬರೆದಳು ಅನ್ನುತ್ತಾರೆ. ಈ ಕಲ್ಲಿನ ನಾಡಿನಲ್ಲಿ ಅಂಥದೊಂದು ಪ್ರಯೋಗಾಲಯ ಕಟ್ಟಿದ್ದು ಅವರೇ. ಪಾಠ ಹೇಳಿದರೆ ಎಂಥ ದಡ್ಡರಿಗೂ ತಲೆಗೆ ಹೋಗುತ್ತಿತ್ತು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ನೋಡಿದರು, ನನ್ನನ್ನು "ತಂಗಿ" ಎಂದು ಕರೆಯುತ್ತಿದ್ದರು. ಇದೆಲ್ಲ ಖರೆ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಚಂದ್ರಂಪಳ್ಳಿ ಕೆರೆಗೆ ವಿಭಾಗದವರೆಲ್ಲ ಒಂದು ದಿನ ಊಟಕ್ಕೆ ಹೋದದ್ದು ನೆನಪಾಗುತ್ತದೆ. ಅಲ್ಲೇ ಮರದ ಕೆಳಗೆ ಮೂರು ಕಲ್ಲಿಟ್ಟು ಉಪ್ಪಿಟ್ಟು ಮಾಡಿದೆವು. ಸರ್ ತಿನ್ನುವ ಹಾಗೆ ಮಡಿಯ ಕೈಯಡುಗೆಯೇ ಬೇಕೆಂದು ಅವರ ಒಬ್ಬ ಸಹೋದ್ಯೋಗಿಯ ಹೆಂಡತಿ ಒಲೆ ಮುಂದೆ ಕೂತರು. ಅವರೂ ಉಪ್ಪು ಹಾಕಿದರು, ಅವರ ಗಂಡನೂ ಬಂದು ಹಾಕಿದ. ಬಾಯಿಗಿಟ್ಟರೆ ಯಪ್ಪಾ, ಗಂಟಲು ಸುಟ್ಟುಹೋಗುವ ಹಾಗೆ! ಶ್ರೀಶೈಲ ಗಿಡದ ಹಿಂದೆ ಹೋಗಿ ಉಗಿದು ಬಂದ. ಸರ್ ಮಾತ್ರ ಎರಡು ಸಲ ಹಾಕಿಸಿಕೊಂಡು, "ಭಾಳ ಛಲೋ ಆಗ್ಯದ್ರಿ," ಎಂದು ತಿಂದರು. ಆ ತಾಯಿ ಅಳುವುದಷ್ಟೇ ಬಾಕಿ ಇತ್ತು, ಸಮಾಧಾನವಾಯಿತು. ಎಂಥ ದೊಡ್ಡ ಮನಸ್ಸು, ಇನ್ನೊಬ್ಬರ ಮನ ನೋಯಿಸಬಾರದೆಂದು ವಿಷವನ್ನೂ ತಿಂದಾರು ಎಂದು ನಾವು ಬಸ್ಸಿನಲ್ಲಿ ಹೊಗಳಿದ್ದೇ ಹೊಗಳಿದ್ದು.

ಈಗ ಮೆಹರುನ್ನೀಸಾ ಆಪಾ ವಿಷಯಕ್ಕೆ ಬರುತ್ತೇನೆ. ಶಹಾಬಾದಿನವರು, ಆಗಲೇ ಐವತ್ತರ ಹತ್ತಿರ. ಗುತ್ತಿಗೆಯ ಮೇಲೆ ನಮ್ಮ ಪ್ರಯೋಗಾಲಯದಲ್ಲಿ ಸಹಾಯಕಿ. ಉಪ್ಪು ಕುಟ್ಟಿ ಜರಡಿ ಹಿಡಿಯುವುದು, ಬಟ್ಟಿ ಯಂತ್ರ ನೋಡಿಕೊಳ್ಳುವುದು, ನೀರು ಬದಲಿಸುವುದು ಅವರ ಕೆಲಸ. ನಮ್ಮ ಕಡೆಯ ಬೋರಿನ ನೀರಿಗೆ ಯಂತ್ರದೊಳಗೆ ಸುಣ್ಣ ಕಟ್ಟುತ್ತದೆ, ವಾರಕ್ಕೊಮ್ಮೆ ಅವರು ಅದನ್ನು ಹುಳಿ ಹಾಕಿ ನೆನೆಸಿ ಕೆರೆದು ತೆಗೆಯುತ್ತಿದ್ದರು. ಸಿದ್ಧವಾದ ಹಂದರಗಳಿಗೆ ಅವರಿಟ್ಟ ಹೆಸರು ಬತ್ತಾಸು. "ಬೇಟಿ, ಬತ್ತಾಸಕ್ಕ ನೀರು ಬದಲಿಸಿದೆ ನೋಡು," ಅನ್ನುತ್ತಿದ್ದರು. ಬರೆಯಲು ಬರುತ್ತಿರಲಿಲ್ಲ. ಒಂದೊಂದು ಸಲ ನೀರು ಬದಲಿಸಿದಾಗಲೂ ಬೀಕರಿನ ಮೇಲೆ ಮೇಣದ ಪೆನ್ಸಿಲ್ಲಿನಿಂದ ಒಂದೊಂದು ಗೀಟು ಎಳೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಬೀಕರ್ ತೊಳೆಯುವಾಗ ಗೀಟೂ ತೊಳೆದು ಹೋಗುತ್ತಿತ್ತು. ಒಂದು ಸಲವೂ ಅವರು ಹೊತ್ತು ತಪ್ಪಿಸಿದ್ದನ್ನು ನಾನು ಕಾಣೆ. ರಂಜಾನಿನ ಉಪವಾಸದಲ್ಲೂ, ಮಗಳ ಮದುವೆಯ ಹಿಂದಿನ ದಿನವೂ ಬಂದು ನೀರು ಬದಲಿಸಿಯೇ ಹೋದರು.

ಸರ್ ಆಪಾ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. "ಏ ಉಪ್ಪಿನಾಕಿ" ಎನ್ನುತ್ತಿದ್ದರು. ಆಪಾ ನಕ್ಕು ಜರಡಿ ಹಿಡಿಯುತ್ತಿದ್ದರು.

ಅಲ್ಲಿಯವರೆಗೆ ನಾವು ಮಾಡುತ್ತಿದ್ದದ್ದು ತೆಳ್ಳನೆಯ ಬಿಲ್ಲೆ. ಅದಕ್ಕೆ ಮೂರು ದಿನ ಸಾಕು. ನನ್ನ ಪ್ರಬಂಧ ಮುಗಿಯುವ ವರ್ಷ ಸರ್ ದಪ್ಪನೆಯ ಹಂದರ ಮಾಡಿಸಿದರು. ಹೆಬ್ಬೆರಳಿನಷ್ಟು ದಪ್ಪ. ದೂರದ ಊರಿನ ಒಂದು ವೈದ್ಯಕೀಯ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿ ಅದರ ಮೇಲೆ ಮೂಳೆಯ ಕೋಶ ಬೆಳೆಸಿ ನೋಡುತ್ತಾರೆ, ಬೆಳೆದರೆ ಯೋಜನೆ ಮುಂದುವರಿಯುತ್ತದೆ. ದಪ್ಪ ಹಂದರದ ನಡುವಿನ ಉಪ್ಪು ಹೊರಗೆ ಬರಲು ವಾರವಾದರೂ ಬೇಕು. ಕಳಿಸಲು ಉಳಿದದ್ದು ಮೂರೇ ದಿನ.

ಮೂರು ದಿನ ಮುಗಿದು ಕಳಿಸುವ ದಿನ ಮುಂಜಾನೆ ನಾನು ಕದ್ದು ಪರೀಕ್ಷೆ ಮಾಡಿದೆ. ಕದ್ದು ಅನ್ನುತ್ತೇನೆ, ಯಾಕೆಂದರೆ ಸರ್ ನಾಲಿಗೆ ಇರುವಾಗ ಶೀಶೆ ತೆಗೆಯುವುದು ಅವರಿಗೆ ಅವಮಾನ. ಅವಸರದಲ್ಲಿ ಹನಿ ಬೆರಳಿಗೂ ಬಿತ್ತು, ಪಕ್ಕದಲ್ಲಿ ತೆರೆದಿಟ್ಟ ನನ್ನ ದಾಖಲೆ ಪುಸ್ತಕಕ್ಕೂ ಬಿತ್ತು. ನಳಿಗೆಯ ನೀರು ಬೆಳ್ಳಗಾಯಿತು. ಸುಮಾರು ಬೆಳ್ಳಗಲ್ಲ, ಗಟ್ಟಿ ಮಜ್ಜಿಗೆ. ಪುಸ್ತಕದಲ್ಲಿ ಒಂದು ಸಾಲು ಬರೆದೆ. ಆಮೇಲೆ ಧೈರ್ಯ ಮಾಡಿ ನಳಿಗೆ ಹಿಡಿದು ಸರ್ ಕೋಣೆಗೆ ಹೋದೆ.

ಅವರು ನಳಿಗೆ ನೋಡಲಿಲ್ಲ, ನನ್ನ ಮುಖ ನೋಡಿದರು. ಎದ್ದು ಪ್ರಯೋಗಾಲಯಕ್ಕೆ ಬಂದರು, ಲೋಟದ ನೀರು ಮುಕ್ಕಳಿಸಿದರು, ಬೆರಳು ಅದ್ದಿದರು, ಚೀಪಿದರು.

"ಹೋತು. ನಿನ್ನ ಶೀಶೆ ಕೆಟ್ಟದ, ತಂಗಿ."

"ಸರ್, ಹೊಸಾ ಶೀಶೆ ಅದ..."

"ನಿನ್ನ ಪ್ರಬಂಧದ ಸಹಿ ಮುಂದಿನ ತಿಂಗಳ ಅಲ್ಲೇನು?" ಎಂದರು. ಭಾಳ ಮೆತ್ತಗೆ, ಪ್ರೀತಿಯಿಂದ ಕೇಳಿದ ಹಾಗೆ ಕೇಳಿದರು. ನಾನು ನಳಿಗೆಯನ್ನು ಸಿಂಕಿಗೆ ಸುರಿದೆ.

ಹಂದರ ಹೋಯಿತು. ಕೋಶಗಳೆಲ್ಲ ಎರಡು ದಿನದೊಳಗೆ ಸತ್ತವು. ಅಲ್ಲಿಯವರು ಹಂದರವನ್ನು ಕತ್ತರಿಸಿ ನೋಡಿ, ನಡುವೆ ಉಪ್ಪು ಹಾಗೆಯೇ ಇದೆ, ಇಷ್ಟೂ ಗಮನ ಇಲ್ಲವೇ ಎಂದು ಬರೆದರು. ಅವರ ಇಮೇಲ್ ಬಂದದ್ದು ಹಂದರ ಕಳಿಸಿ ಒಂದು ವಾರ ಆಗುವ ಮೊದಲೇ. ಮರುದಿನವೇ ಕಾಲೇಜಿನವರು ಮೂರು ಜನರ ಸಮಿತಿ ಕೂರಿಸಿ ವಿಚಾರಣೆ ಮಾಡಿದರು.

ವಿಚಾರಣೆಯ ಮುಂಜಾನೆ ಸರ್ ನನ್ನನ್ನು ಕರೆದು ನನ್ನ ದಾಖಲೆ ಪುಸ್ತಕ ತೆರೆದರು. ಆ ಪುಟದಲ್ಲಿ ಸಿಲ್ವರ್ ನೈಟ್ರೇಟಿನ ಕಪ್ಪು ಕಲೆಗಳು. "ತಂಗಿ, ಈ ಪುಟ ಗಲೀಜಾಗ್ಯದ. ಫೇರ್ ಮಾಡು," ಅಂದರು. ಹೊಸ ಹಾಳೆ ಅವರೇ ಕೊಟ್ಟರು. ಯಾವ ಸಾಲು ಬಿಡಬೇಕೆಂದು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಅಕ್ಷರ ಯಾವತ್ತೂ ಅಷ್ಟು ದುಂಡಗೆ ಬಂದಿರಲಿಲ್ಲ.

ಮಧ್ಯಾಹ್ನ ಆಪಾ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತಿದ್ದೆವು. ಸರ್ ಎದುರಿಗೆ ಕುರ್ಚಿಯಲ್ಲಿ.

"ನೀರು ಬದಲಿಸೂದು ಆಕಿ ಕೆಲಸ. ಬದಲಿಸಿಲ್ಲ. ಮತ್ತೇನದ ಇದರಾಗ?" ಎಂದರು ಸರ್.

"ಸಾಹೇಬ್ರ, ಬದಲಿಸೀನ್ರಿ. ಗೀಟು ಹಾಕೀನಿ," ಎಂದರು ಆಪಾ.

"ಎಲ್ಲದ ಗೀಟು? ತೋರ್ಸು."

ಬೀಕರ್ ತೊಳೆದು ಕಪಾಟಿನಲ್ಲಿ ಬೋರಲು ಇಟ್ಟಿತ್ತು. ತೊಳೆದು ಇಡುವುದೂ ಆಪಾ ಅವರದೇ ಕೆಲಸ, ಎಂದಿನ ಹಾಗೆ ಮಾಡಿದ್ದರು. ಆಗ ಸಮಿತಿಯವರಲ್ಲಿ ಒಬ್ಬರು ನನ್ನ ಕಡೆ ತಿರುಗಿದರು. ಕಳಿಸುವ ಮೊದಲು ಉಪ್ಪು ಹೋಗಿದೆಯೋ ಇಲ್ಲವೋ ಪರೀಕ್ಷೆ ಮಾಡಿದಿರಾ ಎಂದು ಕೇಳಿದರು. ನನ್ನ ಬಲಗೈಯ ಮೂರು ಬೆರಳು ಇನ್ನೂ ಕಪ್ಪಗಿದ್ದವು. ಕೈಗಳನ್ನು ದುಪಟ್ಟಾದೊಳಗೆ ಸುತ್ತಿಕೊಂಡು, "ಸರ್ ನೋಡಿದ್ರು," ಅಂದೆ. ಸುಳ್ಳಲ್ಲವಲ್ಲ! ಸರ್ ನೋಡಿದ್ದರು. ಛೀ, ನನ್ನ ಜಾಣತನಕ್ಕಿಷ್ಟು.

ಆಪಾ ಮರುದಿನದಿಂದ ಬರಲಿಲ್ಲ. ಕೆಲಸದಲ್ಲಿ ಅಲಕ್ಷ್ಯ ಎಂದು ಬರೆದು ಕಳಿಸಿದ್ದರಿಂದ ಸುತ್ತಮುತ್ತಲ ಯಾವ ಕಾಲೇಜೂ ಅವರನ್ನು ತೆಗೆದುಕೊಳ್ಳಲಿಲ್ಲ. ನನಗೆ ಸಹಿ ಸಿಕ್ಕಿತು. ಹೆಸರಿನ ಹಿಂದೆ ಡಾಕ್ಟರ್ ಬಂತು. ಸೇಡಂನಲ್ಲಿ ನೌಕರಿಯಾಯಿತು. ನನಗೆ ಬೇರೆ ದಾರಿ ಇರಲಿಲ್ಲ, ಪಾಪ ಸರ್‌ಗೂ ನಾಲಿಗೆ ಒಂದು ಸಲ ಮೋಸ ಮಾಡಿರಬೇಕು, ಬೇಕೆಂದು ಮಾಡಿದ್ದಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಹಾಗೆ ಹೇಳಿಕೊಂಡರೆ ಊಟ ಸೇರುತ್ತದೆ.

ಕಳೆದ ಭಾನುವಾರ ಅದೂ ಹೋಯಿತು. ಗ್ರಂಥಕ್ಕೆ ಸರ್ ಅವರ ಹಳೆಯ ಫೋಟೋ ಬೇಕು, ಚಿತ್ತಾಪುರ ನಿಮ್ಮ ದಾರಿಯಲ್ಲೇ ಇದೆ, ಅವರ ಮನೆಗೆ ಹೋಗಿ ಇಸಿದುಕೊಂಡು ಬನ್ನಿ ಎಂದು ಶ್ರೀಶೈಲ ಹೇಳಿದ. ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಬೇಕಾದಾಗ ಬಾಯಿ ಬರದಿರುವುದು ನನಗೆ ಹಳೆಯ ಅಭ್ಯಾಸ. ಸೇಡಂನಿಂದ ಪ್ಯಾಸೆಂಜರ್ ಹತ್ತಿ ಹೋದೆ.

ಸರ್ ವಾಕಿಂಗ್ ಹೋಗಿದ್ದರು. ಅವರ ಹೆಂಡತಿ, ನಾವೆಲ್ಲ ಕಾಕು ಅನ್ನುತ್ತೇವೆ, ಬಾಗಿಲು ತೆಗೆದರು.

"ಬಾರವಾ, ಬಾ, ಎಷ್ಟು ದಿನಾ ಆತು! ಕೂಡು, ಅವಲಕ್ಕಿ ಹಚ್ಚಲಿಕತ್ತಿದ್ದೆ, ತಿಂದೇ ಹೋಗಬೇಕು ಮತ್ತ."

ಫೋಟೋಗಳ ಡಬ್ಬಿ ತಂದು ಮುಂದಿಟ್ಟು ಒಂದೊಂದೇ ತೋರಿಸಿದರು. ಒಂದರಲ್ಲಿ ಸರ್ ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದರು, ತೆಳ್ಳಗೆ, ಕೆನ್ನೆಗೆ ದೊಡ್ಡ ಪಟ್ಟಿ.

"ಇದೇನ್ರಿ ಕಾಕು?"

"ನಿನಗ ಗೊತ್ತಿಲ್ಲೇನು? ಕೆನ್ನಿ ಒಳಗ ಕ್ಯಾನ್ಸರ್ ಗಂಟಾಗಿತ್ತವಾ. ಸೋಲಾಪುರದಾಗ ಆಪರೇಷನ್ ಮಾಡಿ ಕರೆಂಟ್ ಕೊಟ್ರು. ಜೀವ ಉಳೀತು, ದೇವರು ದೊಡ್ಡವ. ಖರೆ ಅಂದಿನಿಂದ ಬಾಯಾಗ ನೀರೇ ಊರೂದಿಲ್ಲ, ಘಳಿಗಿಗೊಮ್ಮಿ ನೀರು ಗುಟುಕರಿಸಬೇಕು. ರುಚಿ ಅಂತೂ ಏನೇನೂ ಹತ್ತೂದಿಲ್ಲ. ಉಪ್ಪು, ಖಾರ, ಸಿಹಿ, ಎಲ್ಲಾ ಒಂದೇ ಅವರಿಗೆ. ಮಣ್ಣು ತಿಂದ್ಹಂಗ ಆಗ್ತದ ಅಂತಾರ."

"ಯಾವಾಗ ಆಗಿದ್ದು ಇದು?"

"ನಮ್ಮ ಸಣ್ಣ ಮಗನ್ನ ಶಾಲಿಗಿ ಹಚ್ಚಿದ ವರ್ಷ. ನೀ ಇನ್ನಾ ಬಂದಿದ್ದಿಲ್ಲ ಬಿಡು ಅವರ ಕಡೆ ಕಲೀಲಿಕ್ಕೆ."

ನಾನಿನ್ನೂ ಬಂದಿರಲಿಲ್ಲ. ನಾನು ಆ ಪ್ರಯೋಗಾಲಯದ ಮೆಟ್ಟಿಲು ಹತ್ತುವ ಮೊದಲೇ ಆ ನಾಲಿಗೆ ಸತ್ತಿತ್ತು. ಆ ಲೋಟ, ಆ ಮುಕ್ಕಳಿಸುವುದು, ಚಂದ್ರಂಪಳ್ಳಿಯ ಉಪ್ಪಿಟ್ಟು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೇನೆಗೆ ನಾನು ಅಸಹ್ಯಪಡುವುದಿಲ್ಲ. ಬೇನೆ ಯಾರಿಗೂ ಬರಬಹುದು, ಕಾಕು ಹೇಳುವಾಗ ನನ್ನ ಕಣ್ಣೂ ತುಂಬಿತು. ಆದರೆ ಮಣ್ಣಿನ ರುಚಿಯೊಂದು ಬಿಟ್ಟು ಏನೂ ತಿಳಿಯದ ಬಾಯಲ್ಲಿ ಬೆರಳಿಟ್ಟು, ಕಣ್ಣು ಮುಚ್ಚಿ, ಚಪ್ಪರಿಸಿ, ಹೋತು ಅಂದರಲ್ಲ! ಏನೂ ಗೊತ್ತಾಗುವುದಿಲ್ಲ ಎಂದು ಗೊತ್ತಿದ್ದೂ ಅಂದರಲ್ಲ! ಆ ಮಾತಿನ ಮೇಲೆ ಒಬ್ಬ ಹೆಂಗಸನ್ನು ಹೊರಗೆ ಹಾಕಿದರಲ್ಲ!

ಅಷ್ಟರಲ್ಲಿ ಸರ್ ಬಂದರು. ಮೊದಲಿನ ಹಾಗೆಯೇ ಇದ್ದಾರೆ. "ಏನ್ ತಂಗಿ, ನನ್ನ ನಾಲಿಗಿ ಪುರಾಣ ಬರೀಲಿಕ್ಹತ್ತೀಯಂತ?" ಎಂದು ನಕ್ಕರು. ಕಾಕು ಎರಡು ತಟ್ಟೆ ಅವಲಕ್ಕಿ ತಂದಿಟ್ಟರು. ನಾನು ಒಂದು ಚಮಚ ಬಾಯಿಗಿಟ್ಟೆ. ಸಪ್ಪೆ, ಒಂದು ಹರಳು ಉಪ್ಪಿರಲಿಲ್ಲ. ರಕ್ತದೊತ್ತಡ ಇದೆ, ಡಾಕ್ಟರು ಉಪ್ಪು ಬಿಡಿಸಿದ್ದಾರೆ ಎಂದು ಕಾಕು ಆಮೇಲೆ ಬಾಗಿಲಲ್ಲಿ ಹೇಳಿದರು. ಸರ್ ಲೋಟದ ನೀರು ಮುಕ್ಕಳಿಸಿ, ಒಂದು ತುತ್ತು ಹಾಕಿಕೊಂಡು, ಕಣ್ಣು ಮುಚ್ಚಿ, ಅದೇ ಚಪ್ ಎಂಬ ಸದ್ದು ಮಾಡಿದರು.

"ಉಪ್ಪು ಒಂಚೂರು ಹೆಚ್ಚಾಗ್ಯದ ನೋಡು."

ಕಾಕು ನನ್ನನ್ನು ನೋಡಲಿಲ್ಲ. "ಹೂಂರಿ, ನಾಳಿಗಿ ಕಡಿಮಿ ಹಾಕ್ತೀನಿ," ಅಂದರು.

ಫೋಟೋ ಇಸಿದುಕೊಳ್ಳದೆ ಎದ್ದು ಬಂದೆ. ಸ್ಟೇಷನ್ನಿನಲ್ಲಿ ಸೇಡಂ ಕಡೆಯ ಗಾಡಿಗೆ ಕಾಯಬೇಕಾದವಳು, ವಾಡಿಯ ಕಡೆ ಹೊರಟಿದ್ದ ಗಾಡಿ ಹತ್ತಿದೆ. ಶಹಾಬಾದಿನಲ್ಲಿ ಇಳಿದು ಆಪಾ ಮನೆ ಹುಡುಕಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ.

ಆಪಾ ಹೊರಗೆ ಫರಸಿಯ ಕಟ್ಟೆಯ ಮೇಲೆ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದರು. ಕನ್ನಡಕ ಬಂದಿದೆ, ಕೂದಲೆಲ್ಲ ಬೆಳ್ಳಗಾಗಿದೆ. ನನ್ನ ಗುರುತು ಹಿಡಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು.

"ಅರೆ, ಬೇಟಿ! ಬಾ, ಕುಂದ್ರು."

ಕೂತು ಎಲ್ಲ ಹೇಳಿದೆ. ಸೋಲಾಪುರ, ಕರೆಂಟ್, ಸತ್ತ ನಾಲಿಗೆ, ಸಪ್ಪೆ ಅವಲಕ್ಕಿ. ಹೇಳುವಾಗ ನನಗೆ ಅಳು ಬಂತು. ಆಪಾ ಹೊಲಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತಿತ್ತು," ಎಂದರು.

"ಏನು?"

"ರುಚಿ ಹತ್ತೂದಿಲ್ಲ ಅಂತ. ಒಮ್ಮಿ ಬೀಕರ್ ಅದಲು ಬದಲಾಗಿ ಮೊದಲ ದಿನದ ನೀರೇ ಮುಂದ ಇಟ್ಟಿದ್ದೆ. ಉಪ್ಪ ಅಂದ್ರ ಉಪ್ಪ, ಯಾ ಅಲ್ಲಾ, ಸಮುದ್ರದ ನೀರು! ಚಪ್ಪರಿಸಿ ಹೋತು ಅಂದ್ರು. ಅವತ್ತೇ ತಿಳೀತು."

"ಮತ್ತ ಯಾಕ ಹೇಳಲಿಲ್ಲರಿ ಆಪಾ ನೀವು?"

"ಯಾರ ಮುಂದ ಹೇಳಲಿ? ಉಪ್ಪು ಕುಟ್ಟಾಕಿ ಮಾತು ಯಾರು ಕೇಳ್ತಾರ?" ಹಲ್ಲಿನಿಂದ ದಾರ ಕಡಿದು ಸೀರೆಯನ್ನು ಪಕ್ಕಕ್ಕಿಟ್ಟರು. "ನೀ ಹೇಳ್ತಿ ಅಂತ ಕುಂತಿದ್ದೆ. ಅವತ್ತು ಕೈ ದುಪಟ್ಟಾದಾಗ ಸುತ್ತಿಕೊಂಡು ಕುಂತಿದ್ದಿ ನೋಡು, ನನ್ನ ಬಾಜೂಕೇ. ಸುತ್ತೂಕಿಂತ ಮೊದಲ ನಾ ನೋಡಿದ್ದೆ. ಬೆರಳು ಕರ್ರಗಿದ್ವು. ಇಕಿ ನೋಡ್ಯಾಳ, ಇಕಿಗಿ ಗೊತ್ತದ, ಈಗ ಬಾಯಿ ಬಿಡ್ತಾಳ, ಈಗ ಬಿಡ್ತಾಳ ಅಂತ ನಿನ್ನ ಮಾರಿನೇ ನೋಡ್ಕೋತ ಕುಂತಿದ್ದೆ."

ಆಪಾ ಇನ್ನೊಂದು ಸೀರೆ ಎತ್ತಿಕೊಂಡು, ಕಣ್ಣು ಸರಿಯಾಗಿ ಕಾಣುವುದಿಲ್ಲವೆಂದು ಸೂಜಿ ದಾರ ನನ್ನ ಕೈಗೆ ಕೊಟ್ಟರು. ಪೋಣಿಸಿ ಕೊಡುವಾಗ ನನ್ನ ಬೆರಳುಗಳನ್ನು ಹಿಡಿದು ಕನ್ನಡಕದ ಹತ್ತಿರ ತಂದು ನೋಡಿದರು.

"ಈಗೇನು, ಸ್ವಚ್ಛ ಆಗ್ಯಾವ," ಅಂದರು.

ಚಹಾ ಕುಡಿದೆ. ಏಳುವಾಗ, ಸರ್ ಮೇಲೆ ಒಂದು ಪುಸ್ತಕ ಬರುತ್ತದೆ, ಅದರಲ್ಲಿ ಬರೆಯಲು ಹೇಳಿದ್ದಾರೆ ಎಂದೆ. ಬರೆಯಲೋ ಬೇಡವೋ ಎಂದು ಕೇಳಿದೆ. ಆಪಾ ಸೂಜಿಯನ್ನು ಸೀರೆಗೆ ಚುಚ್ಚಿಟ್ಟರು.

"ಅವರದು ಏನರ ಬರಿ, ಬಿಡು. ನಂದೊಂದು ಬರಿ. ಎಷ್ಟು ಗೀಟು ಹಾಕಿದ್ದೆ, ನೆನಪದ ಏನು?"

ನೆನಪಿತ್ತು. ಫೇರ್ ಮಾಡುವಾಗ ಬಿಟ್ಟ ಸಾಲು ನನಗೆ ಒಂದು ದಿನವೂ ಮರೆತಿಲ್ಲ. ಶ್ರೀಶೈಲ, ಇದೇ ನನ್ನ ಲೇಖನ. ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಉಳಿದದ್ದನ್ನೆಲ್ಲ ಕತ್ತರಿಸಿದರೂ ಆ ಪುಟದ ಸಾಲನ್ನು ಮಾತ್ರ ಇದ್ದ ಹಾಗೆ ಹಾಕು: ಮೆಹರುನ್ನೀಸಾ ಆಪಾ ಒಂಬತ್ತು ಸಲ ನೀರು ಬದಲಿಸಿದ್ದಾರೆ. ಒಂಬತ್ತನೆಯ ನೀರಿಗೆ ನಾಲ್ಕು ಹನಿ ಬಿಟ್ಟೆ. ಬೆಳ್ಳಗಾಯಿತು.